ಸಂಕಲ್ಪ ಮತ್ತು ವಿನ್ಯಾಸ: ಚಿತ್ರಕಲೆಯ ತರಗತಿಯ ಒಂದು ವಿಮರ್ಶೆ

ಪಾಠಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ದೊರೆತಿರುವ ಸ್ಥಾನ ಎಷ್ಟು ಕಿರಿದೆಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾದುದಿಲ್ಲ. ವಾರಕ್ಕೆ ಒಂದೋ ಎರಡೋ ತಾಸು. ಅದೂ ಪರೀಕ್ಷೆ ಸಮೀಪಿಸಿದಾಗ ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡಬೇಕಾದ ತಾಸು. ಆ ಕಿರಿದಾದ ಸ್ಥಾನದೊಳಗೆ ಇನ್ನೂ ಕಿರಿದಾದ ಒಂದು ಮೂಲೆ ವಿನ್ಯಾಸಕ್ಕೆ ಮೀಸಲಾಗಿದೆ. ಆದರೂ ಮಗುವಿನ ಸೃಷ್ಟಿಶಕ್ತಿಯನ್ನು ಎಚ್ಚರಿಸುವ ಬಲ ಯಾವ ಪಾಠಕ್ಕೆ ಹೆಚ್ಚೆಂದು ಕೇಳಿದರೆ ನಾನು ಆ ಮೂಲೆಯನ್ನೇ ತೋರಿಸುವೆನು. ಈಗ ಅದನ್ನು ಕಲಿಸುತ್ತಿರುವ ರೀತಿಯಿಂದ ಆ ಬಲ ಬಹುಮಟ್ಟಿಗೆ ವ್ಯರ್ಥವಾಗುತ್ತಿದೆ. ಹೇಗೆ ಕಲಿಸಬಹುದೆಂಬುದಕ್ಕೆ ನಿದರ್ಶನಗಳು ನಮ್ಮ ಸಾಂಗಲಿ-ಮಿರಜ ಸೀಮೆಯಲ್ಲಿಯೇ ಇವೆ. ಇವೆರಡು ಮಾತುಗಳನ್ನು ಸಾಧಾರವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಲ್ಲಿಯ ಮರಾಠಿ ಪಾಠಶಾಲೆಗಳಲ್ಲಿ ಈ ವಿಷಯಕ್ಕೆ 'ಸಂಕಲ್ಪಚಿತ್ರ'ವೆನ್ನುತ್ತಾರೆ. ಕನ್ನಡದಲ್ಲಿ ನಾವು 'ವಿನ್ಯಾಸ'ವೆನ್ನುತ್ತೇವೆ. ಎರಡೂ ಸಂಸ್ಕೃತದಿಂದ ಬಂದ ಮಾತುಗಳೇ. ಆದರೆ ಅವು ಒಂದೇ ಕೆಲಸದ ಎರಡು ಬೇರೆ ಬೇರೆ ಘಟ್ಟಗಳನ್ನು ಸೂಚಿಸುತ್ತವೆ. ವಿನ್ಯಾಸವೆಂದರೆ ವಿಶೇಷವಾಗಿ ಇಡುವುದು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಅಳವಡಿಸುವುದು. ಸಂಕಲ್ಪವೆಂದರೆ ಮಾಡಬೇಕೆಂಬ ನಿಶ್ಚಯ. ಪೂಜೆಗೆ ಕುಳಿತವನು ಮೊದಲು ಸಂಕಲ್ಪವನ್ನು ಹೇಳುತ್ತಾನೆ. ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಯಾರು, ಏತಕ್ಕಾಗಿ ಈ ಕರ್ಮವನ್ನು ಮಾಡುತ್ತಿದ್ದಾರೆಂಬುದೆಲ್ಲ ಅದರಲ್ಲಿ ಬರುತ್ತದೆ. ಆಮೇಲೆ ಹೂವು, ಅಕ್ಷತೆ, ದೀಪಗಳ ವಿನ್ಯಾಸ. ನಮ್ಮ ತರಗತಿಗಳಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮಾಡಿಸುತ್ತಿದ್ದೇವೆ. ದೋಷದ ಮೂಲವಿರುವುದು ಇಲ್ಲಿ.

ಮಹಾರಾಷ್ಟ್ರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ನಮ್ಮ ಮಕ್ಕಳಿಗೆಲ್ಲ ಪರಿಚಿತವಾದವು. ಇವು ಮುಂಬಯಿ ಪ್ರಾಂತದ ಕಾಲದಿಂದ ನಡೆದುಬಂದ ಪರೀಕ್ಷೆಗಳು. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಹಾಗೂ ಅಕ್ಷರಲೇಖನ ಇವು ಅದರ ಅಂಗಗಳು. ಇವುಗಳಲ್ಲಿ ಒಳ್ಳೆಯ ದರ್ಜೆ ಪಡೆದವರಿಗೆ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಹೆಚ್ಚುವರಿ ಗುಣಗಳು ಸಿಗುವುದರಿಂದ ತಾಯಿತಂದೆಗಳಿಗೂ ಇವುಗಳ ಮೇಲೆ ಆದರವುಂಟು. ಪರೀಕ್ಷೆ ಇರುವುದರಿಂದಲೇ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ತಾಸು ಉಳಿದುಕೊಂಡಿದೆಯೆಂಬುದನ್ನೂ ನಾವು ಒಪ್ಪಬೇಕು. ನನ್ನ ಆಕ್ಷೇಪ ಪರೀಕ್ಷೆಯ ಇರವಿನ ಮೇಲಲ್ಲ; ಅದಕ್ಕಾಗಿ ಮಾಡಿಸುವ ಸಿದ್ಧತೆಯ ಮೇಲೆ.

ಆ ಸಿದ್ಧತೆ ಸಾಮಾನ್ಯವಾಗಿ ಹೇಗಿರುತ್ತದೆ? ಒಂದು ಚೌಕವನ್ನೋ ವರ್ತುಲವನ್ನೋ ಕೊಟ್ಟು ಅದನ್ನು ಎಲೆ, ಹೂವು, ಬಳ್ಳಿಗಳಿಂದ ತುಂಬಿಸಬೇಕೆಂದು ಹೇಳಲಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಾರ್ಗದರ್ಶಿಕೆಯಲ್ಲಿ ಹತ್ತಾರು ಮಾದರಿಗಳಿರುತ್ತವೆ. ವಿದ್ಯಾರ್ಥಿಯು ಅವುಗಳಲ್ಲಿ ಎರಡು ಮೂರನ್ನು ಕೈಪಾಠ ಮಾಡಿಕೊಳ್ಳುತ್ತಾನೆ. ಕಾಲುಭಾಗ ಬರೆದು, ತೆಳುಹಾಳೆಯ ಮೇಲೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನಾಲ್ಕು ಭಾಗ ಮಾಡುತ್ತಾನೆ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣವೆಂಬುದೂ ಮೊದಲೇ ನಿಶ್ಚಿತ. ಪರೀಕ್ಷೆಯ ದಿನ ಅದನ್ನೇ ಚೊಕ್ಕಟವಾಗಿ ಇಳಿಸಿದರೆ ಕೆಲಸ ಮುಗಿಯಿತು. ಆ ಚೌಕ ಒಂದು ಕರವಸ್ತ್ರವೋ, ನೆಲದ ಹಾಸೋ, ಕಿಟಕಿಯ ಜಾಲರಿಯೋ ಎಂಬುದು ಹುಡುಗನ ಮನಸ್ಸಿಗೆ ಬರುವುದೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ದರೂ ಅವನು ಅದನ್ನು ಓದಿ ಮುಂದೆ ಸಾಗುತ್ತಾನೆ. ಕರವಸ್ತ್ರವನ್ನು ಮಡಿಸುತ್ತಾರೆ, ಆದುದರಿಂದ ಮಡಿಸಿದಾಗ ಮೇಲೆ ಕಾಣುವ ಮೂಲೆಗೆ ಬೆಲೆ ಹೆಚ್ಚು. ಜಾಲರಿಯ ಎಲೆ ಎಲ್ಲಿಯೂ ಕಡಿದುಹೋಗದೆ ಇನ್ನೊಂದು ಎಲೆಗೆ ಆತುಕೊಂಡಿರಬೇಕು, ಇಲ್ಲವಾದರೆ ಅದು ನಿಲ್ಲುವುದಿಲ್ಲ. ಇಂಥ ವಿಚಾರಕ್ಕೆ ಅಲ್ಲಿ ಎಡೆಯಿಲ್ಲ. ಕೊನೆಗೆ ಗುಣ ಬೀಳುವುದು ಗೆರೆಯ ಅಚ್ಚುಕಟ್ಟಿಗೆ. ಕೈ ನಡುಗುವ ಮಗುವಿಗೆ "ನಿನಗೆ ಚಿತ್ರಕಲೆಯ ಕೈಯಿಲ್ಲ" ಎಂಬ ತೀರ್ಪು ಹನ್ನೆರಡು ಹದಿಮೂರರ ವಯಸ್ಸಿಗೇ ಸಿಕ್ಕಿಬಿಡುತ್ತದೆ. ಆ ತೀರ್ಪನ್ನು ಅದು ಜೀವಮಾನವೆಲ್ಲ ಹೊತ್ತು ತಿರುಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವುಂಟು. ಮಕ್ಕಳ ಕಲೆಯನ್ನು ಕುರಿತು ಯುರೋಪಿನಲ್ಲಿ ನಡೆದ ಆಂದೋಲನದಿಂದ ಅದು ಹುಟ್ಟಿತು. ವಿಯೆನ್ನಾ ನಗರದಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬವರು ೧೮೯೭ರಲ್ಲಿ ಮಕ್ಕಳಿಗಾಗಿ ತೆರೆದ ಕಲಾ ತರಗತಿ ಅದರ ಪ್ರಸಿದ್ಧ ಆರಂಭ. ಹರ್ಬರ್ಟ್ ರೀಡ್ ಅವರು ೧೯೪೩ರಲ್ಲಿ ಪ್ರಕಟಿಸಿದ, ಕಲೆಯ ಮೂಲಕ ಶಿಕ್ಷಣವೆಂಬ ವಿಷಯದ ಗ್ರಂಥವು ಅದಕ್ಕೆ ಶಾಸ್ತ್ರದ ಬಲವನ್ನು ಕೊಟ್ಟಿತು. ಮಗುವಿನ ಮೇಲೆ ಹಿರಿಯರ ಮಾದರಿಯನ್ನು ಹೇರಬಾರದು, ಅದರ ಒಳಗಿನದು ಹೊರಗೆ ಬರಲೆಂಬುದು ಈ ಪಕ್ಷದ ತಿರುಳು. ಐದಾರು ವರ್ಷದ ಮಗುವಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಏಳನೆಯ ಎಂಟನೆಯ ತರಗತಿಯ ಮಗುವಿಗೆ ಬಿಳಿಯ ಹಾಳೆಯನ್ನು ಕೊಟ್ಟು "ಇಷ್ಟಬಂದುದನ್ನು ಬರೆ" ಎಂದರೆ ಏನಾಗುತ್ತದೆಂಬುದು ಉಪಾಧ್ಯಾಯರಿಗೆಲ್ಲ ಗೊತ್ತು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನಮರ. ಯಾರೂ ಹೇರದಿದ್ದರೂ ಮಗು ಮಾದರಿಯನ್ನೇ ಬರೆಯಿತು. ಬಿಡುವು ಕೊಟ್ಟ ಮಾತ್ರಕ್ಕೆ ಹೊಸತು ಹುಟ್ಟುವುದಿಲ್ಲ. ಹೊಸತು ಹುಟ್ಟಬೇಕಾದರೆ ಹಳೆಯ ಉತ್ತರ ಸಾಲದೆಂದು ತೋರಿಸುವ ಒಂದು ಪ್ರಶ್ನೆ ಎದುರಿಗಿರಬೇಕು. ಅಂಥ ಪ್ರಶ್ನೆಯನ್ನು ಒಡ್ಡುವುದೂ, ಮಗು ಕೊಟ್ಟ ಉತ್ತರಕ್ಕೆ ಕಾರಣವನ್ನು ಕೇಳುವುದೂ ವಿನ್ಯಾಸದ ಉಪಾಧ್ಯಾಯನ ಮುಖ್ಯ ಕರ್ತವ್ಯ.

ಪ್ರಶ್ನೆಯೆಂದರೆ ಎಂಥದು ಎಂಬುದಕ್ಕೆ ಒಂದು ಪ್ರಸಿದ್ಧವಾದ ಉದಾಹರಣೆಯಿದೆ. ೧೯೫೮ರಲ್ಲಿ ಭಾರತ ಸರಕಾರದ ಆಹ್ವಾನದ ಮೇರೆಗೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಈ ದೇಶವನ್ನು ಸುತ್ತಿ, ವಿನ್ಯಾಸ ಶಿಕ್ಷಣ ಇಲ್ಲಿ ಹೇಗಿರಬೇಕೆಂಬುದನ್ನು ಕುರಿತು ಒಂದು ವರದಿಯನ್ನು ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೬೧ರಲ್ಲಿ ಸ್ಥಾಪನೆಯಾದುದಕ್ಕೆ ಆ ವರದಿಯೇ ಹಿನ್ನೆಲೆ. ಇಡೀ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಅತ್ಯಂತ ಮೆಚ್ಚಿ ಬರೆದುದು ಅರಮನೆಯ ಆಭರಣವನ್ನಲ್ಲ. ನಮ್ಮ ಮನೆಯ ತಂಬಿಗೆಯನ್ನು. ತಂಬಿಗೆಯನ್ನು ಯಾರೋ ಒಬ್ಬ ಕಲಾವಿದ ಕಲ್ಪಿಸಿದುದಲ್ಲ, ತಲೆಮಾರುಗಳ ಅನುಭವ ಅದನ್ನು ತಿದ್ದಿದೆಯೆಂದು ಹೇಳಿ, ಅಂಥದೊಂದನ್ನು ಹೊಸದಾಗಿ ರಚಿಸಹೊರಟವನು ಏನೇನು ಯೋಚಿಸಬೇಕಾದೀತೆಂದು ಅವರು ಪಟ್ಟಿ ಮಾಡುತ್ತಾರೆ. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುವುದೋ ಸೊಂಟದ ಮೇಲೋ, ತುಂಬಿದಾಗಲೂ ಬರಿದಾದಾಗಲೂ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಒಳಗೆ ಕೈ ಹಾಕಿ ತಿಕ್ಕಲು ಬಾಯಿ ಸಾಕೇ, ಲೋಹದ ಬೆಲೆಯೆಷ್ಟು, ಬಿಸಿಲಲ್ಲಿ ಮುಟ್ಟಿದರೆ ಹೇಗೆ, ತಗುಲಿದರೆ ಯಾವ ನಾದ, ಹೀಗೆ ಆ ಪಟ್ಟಿ ಬೆಳೆಯುತ್ತ ಹೋಗುತ್ತದೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಸೌಂದರ್ಯವೆಂಬ ಮಾತಿಗೆ ಬೇರೆ ಕಲಮಿಲ್ಲ. ಇವಕ್ಕೆಲ್ಲ ಒಟ್ಟಿಗೆ ಒಪ್ಪುವ ಉತ್ತರ ದೊರೆತಾಗ ವಸ್ತು ಸುಂದರವಾಗಿ ಕಾಣುತ್ತದೆ. ವರದಿಯ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಹೊರಗಿನಿಂದ ಬಂದವರ ಮೆಚ್ಚುಗೆಯಲ್ಲಿ ತಂಬಿಗೆ ಒಂದು ಪೂಜಾವಸ್ತುವಾಗಿ ನಿಂತುಬಿಡುವ ಅಪಾಯವುಂಟು. ನಮ್ಮ ಹೆಣ್ಣುಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ; ಪ್ಲಾಸ್ಟಿಕ್ ಕೊಡ ಬಂದಾಗ ಹಗುರವೆಂದು ಅದನ್ನು ಎತ್ತಿಕೊಂಡರು. ವಸ್ತು ಬದಲಾದರೂ ಆ ಕೊಡದ ಕಂಠವೂ ಹೊಟ್ಟೆಯೂ ಹಿತ್ತಾಳೆಯ ಕೊಡದವೇ ಆಗಿ ಉಳಿದವು. ಅದೇಕೆ ಉಳಿದವೆಂದು ಒಂದು ತರಗತಿಯನ್ನು ಕೇಳಿ ನೋಡಿ. ಸೊಂಟ ಮತ್ತು ತೋಳು ಬದಲಾಗಿಲ್ಲವೆಂಬ ಉತ್ತರ ನೀರು ಹೊತ್ತ ಹುಡುಗಿಯಿಂದ ಮೊದಲು ಬರುತ್ತದೆ. ಮಾರ್ಗದರ್ಶಿಕೆ ಓದಿದ ಹುಡುಗನಿಂದಲ್ಲ.

ತಂಬಿಗೆಯ ಮಾತು ಎಲ್ಲ ಊರಿಗೂ ಸಲ್ಲುವುದು. ಮಿರಜಿಗೇ ವಿಶೇಷವಾಗಿ ಸಲ್ಲುವ ಇನ್ನೊಂದು ವಸ್ತು ತಂಬೂರಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಆಯುಧಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಇಲ್ಲಿ ತಂತಿವಾದ್ಯಗಳ ಕೆಲಸಕ್ಕೆ ತಿರುಗಿಕೊಂಡವು. ಆ ಪರಂಪರೆಯ ಮೂಲಪುರುಷರೆಂದು ಫರೀದಸಾಹೇಬರ ಹೆಸರನ್ನು ಹೇಳುತ್ತಾರೆ. ಖಾನಸಾಹೇಬ ಅಬ್ದುಲ್ ಕರೀಮ ಖಾನರು ನೆಲಸಿದ ಊರು ಇದು; ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಾಯಕನ ಕಿವಿಯೂ ಕುಶಲಕರ್ಮಿಯ ಕೈಯೂ ಒಂದೇ ಊರಿನಲ್ಲಿದ್ದುದು ವಾದ್ಯದ ಭಾಗ್ಯವಾಯಿತು. ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಈ ಕಾರ್ಖಾನೆಗಳನ್ನು ವಿನ್ಯಾಸದ ಪಾಠವೆಂಬ ದೃಷ್ಟಿಯಿಂದ ನೋಡೋಣ. ತಂಬೂರಿಯ ಬುರುಡೆ ಅಳತೆ ಕೊಟ್ಟು ಮಾಡಿಸುವಂಥದಲ್ಲ. ಪಂಢರಪುರದ ಕಡೆಯ ಹೊಲದಲ್ಲಿ ಬೆಳೆದು ಬಂದದ್ದು. ಒಂದು ಇನ್ನೊಂದರಂತೆ ಇರುವುದಿಲ್ಲ. ಇದ್ದ ಬುರುಡೆಗೆ ಮರವನ್ನು ಹೊಂದಿಸಬೇಕು. ಹಾಡುವವರು ಗಂಡಸೋ ಹೆಂಗಸೋ ಎಂಬುದಕ್ಕೆ ತಕ್ಕಂತೆ ವಾದ್ಯದ ಗಾತ್ರವನ್ನು ಕಿರಿದು ಹಿರಿದು ಮಾಡಬೇಕು. ಕೊಟ್ಟ ವಸ್ತುವಿನ ಸ್ವಭಾವ, ಬಳಸುವವರ ಅಗತ್ಯ ಎಂಬ ಎರಡು ಕಟ್ಟುಗಳು ಮೊದಲ ದಿನದಿಂದಲೇ ಶಿಷ್ಯನ ಎದುರಿಗಿವೆ. ಅಲಂಕಾರ ಬರುವುದು ಆಮೇಲೆ. ಅದೂ ಎಲ್ಲೆಂದರಲ್ಲಿ ಅಲ್ಲ. ಬುರುಡೆಯೂ ಮರವೂ ಕೂಡುವ ಭುಜದ ಭಾಗದಲ್ಲಿ ಕೆತ್ತಿದ ಎಲೆಗಳು ಕೂರುತ್ತವೆ. ಎರಡು ಬೇರೆ ವಸ್ತುಗಳು ಕೂಡುವ ಸಂದಿಯೇ ಅಲಂಕಾರಕ್ಕೆ ಸಹಜವಾದ ತಾಣವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ತಿಳಿಸಲಾರದು. ನಮ್ಮ ಚೌಕದೊಳಗಿನ ಎಲೆಬಳ್ಳಿಗೆ ಇಂಥ ತಾಣವಿಲ್ಲದಿರುವುದರಿಂದಲೇ ಅದು ಎಲ್ಲಿಯೂ ಬೇರೂರದೆ ಹಾಳೆಯ ಮೇಲೆ ತೇಲುತ್ತದೆ.

ಇನ್ನು ಕುದುರೆಯ ಮಾತು. ತಂತಿಯ ಕೆಳಗಿನ ಆ ಚಿಕ್ಕ ತುಂಡಿನ ಮೇಲ್ಮೈ ಚಪ್ಪಟೆಯಾಗಿ ಕಂಡರೂ ಬಲು ಸೂಕ್ಷ್ಮವಾಗಿ ಬಾಗಿದೆ. ಅದನ್ನು ಉಜ್ಜಿ ಹದಗೊಳಿಸುವುದಕ್ಕೆ ಜವಾರಿ ತೆಗೆಯುವುದೆನ್ನುತ್ತಾರೆ. ತಂತಿ ಆ ಬಾಗಿನ ಮೇಲೆ ಸವರಿಕೊಂಡು ಕಂಪಿಸುವುದರಿಂದ ಮೂಲಸ್ವರದೊಡನೆ ಉಪಸ್ವರಗಳೂ ತುಂಬಿ ಕೇಳಿಸುತ್ತವೆ. ತಂತಿಗೂ ಕುದುರೆಗೂ ನಡುವೆ ಇಡುವ ನೂಲಿನ ಎಳೆ ಆ ಸವರಿಕೆಯನ್ನು ಇನ್ನಷ್ಟು ತಿದ್ದುತ್ತದೆ. ಪಾಶ್ಚಾತ್ಯ ವಿಜ್ಞಾನದ ನಿಯಮದಂತೆ ಕೇಳಿಸಬಾರದ ಉಪಸ್ವರಗಳು ವೀಣೆ ತಂಬೂರಿಗಳಲ್ಲಿ ಕೇಳಿಸುವುದೇಕೆಂಬುದನ್ನು ಸಿ. ವಿ. ರಾಮನ್ನರು ೧೯೨೧ರಲ್ಲಿ ಒಂದು ಲೇಖನದಲ್ಲಿ ಚರ್ಚಿಸಿ, ಕುದುರೆಯ ಆ ಬಾಗಿನಲ್ಲಿಯೇ ಕಾರಣವನ್ನು ಕಂಡರು. ಅದಕ್ಕೆ ಎಷ್ಟೋ ಮೊದಲೇ ಕುಶಲಕರ್ಮಿ ಆ ಬಾಗನ್ನು ಕಿವಿಯಿಂದ ಅಳೆದಿದ್ದನು. ಉಜ್ಜು, ಕೇಳು, ಮತ್ತೆ ಉಜ್ಜು ಎಂಬುದೇ ಅವನ ಕ್ರಮ. ತಿದ್ದುವುದು ಅಲ್ಲಿ ತಪ್ಪಿನ ಗುರುತಲ್ಲ. ಕೆಲಸದ ರೀತಿಯೇ ಅದು. ನಮ್ಮ ತರಗತಿಯಲ್ಲಾದರೋ ರಬ್ಬರಿನಿಂದ ಅಳಿಸಿದ ಗುರುತು ಕಂಡರೆ ಗುಣ ಕಡಿತ!

ಹಾಗೆಂದು ಕಾರ್ಖಾನೆಯ ಶಿಷ್ಯವೃತ್ತಿಯನ್ನು ಹಾಗೆಯೇ ಶಾಲೆಗೆ ತರಬೇಕೆಂದು ನಾನು ಹೇಳುವುದಿಲ್ಲ. ಅದರ ಮಿತಿಗಳು ಸ್ಪಷ್ಟವಾಗಿವೆ. ಅಲ್ಲಿಯ ಜ್ಞಾನ ಕೈಯಲ್ಲಿದೆ, ಮಾತಿನಲ್ಲಿ ಬರುವುದು ಕಡಿಮೆ. ಮನೆತನದೊಳಗೆ ತಂದೆಯಿಂದ ಮಗನಿಗೆ ಹರಿಯುತ್ತದೆ, ಹೊರಗಿನವರಿಗೂ ಹೆಣ್ಣುಮಕ್ಕಳಿಗೂ ಅಷ್ಟಾಗಿ ಸಿಕ್ಕಿಲ್ಲ. ಮಾಡುವ ರೀತಿಯನ್ನು ಕಲಿತ ಶಿಷ್ಯನಿಗೆ 'ಏಕೆ' ಎಂದು ಕೇಳುವ ರೂಢಿ ಬೆಳೆಯದಿದ್ದರೆ, ಉಪಯೋಗದ ಪ್ರಶ್ನೆಯೇ ಬದಲಾದಾಗ ಅವನು ತಬ್ಬಿಬ್ಬಾಗುತ್ತಾನೆ. ಹಾಡುವವನು ಒಂಟಿಯಾಗಿದ್ದಾಗ ಶ್ರುತಿ ಮೀಟುವವರು ಯಾರು, ಪ್ರಯಾಣದಲ್ಲಿ ಅಷ್ಟು ದೊಡ್ಡ ಬುರುಡೆಯನ್ನು ಒಡೆಯದಂತೆ ಒಯ್ಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ೧೯೭೦ರ ದಶಕದ ಕೊನೆಯಲ್ಲಿ ಉತ್ತರ ಕೊಟ್ಟವರು ಬೆಂಗಳೂರಿನ ಜಿ. ರಾಜ್ ನಾರಾಯಣ್, ಅವರ ವಿದ್ಯುನ್ಮಾನ ತಂಬೂರಿ ಮರವೂ ಅಲ್ಲ, ಬುರುಡೆಯೂ ಅಲ್ಲ. ನಾದದಲ್ಲಿ ಯಾವುದು ಮೇಲೆಂಬುದು ಬೇರೆ ವಿಚಾರ. ಶಾಲೆ ಮಾಡಬೇಕಾದುದು ಕಾರ್ಖಾನೆಯ ಸತ್ಯನಿಷ್ಠೆಗೆ 'ಏಕೆ' ಎಂಬ ಪ್ರಶ್ನೆಯನ್ನು ಕೂಡಿಸುವುದು.

ಗಂಡುಮಕ್ಕಳ ಕಾರ್ಖಾನೆಯಲ್ಲಿ ಕಂಡುದನ್ನೇ ನಮ್ಮ ತಾಯಂದಿರ ಕಸೂತಿಯಲ್ಲಿಯೂ ಕಾಣಬಹುದು. ಧಾರವಾಡ ಸೀಮೆಯ ಕಸೂತಿಗೆ ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಗಾವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಬಗೆಯಾಗಿ ಕಾಣಬೇಕು; ಆದುದರಿಂದ ಹೋದ ದಾರ ಬಿಟ್ಟ ಎಡೆಗಳನ್ನು ತುಂಬುತ್ತ ಹಿಂದಿರುಗಿ ಬರಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಈ ಕಟ್ಟಿನೊಳಗೆ ಹುಟ್ಟಿದವು. ಕಸೂತಿಯ ಆನೆ ನಿಜವಾದ ಆನೆಯಂತಿಲ್ಲ. ಎಳೆಗಳ ಲೆಕ್ಕಕ್ಕೆ ಒಪ್ಪಿದ ಆನೆ ಅದು. ಆ ಕಟ್ಟುಗಳೇ ಅದಕ್ಕೆ ಬೇರೆಲ್ಲಿಯೂ ಸಿಗದ ರೂಪವನ್ನು ಕೊಟ್ಟಿವೆ. ಚೌಕಳಿ ಹಾಳೆಯನ್ನು ಕೊಟ್ಟು, ದಾರ ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತದೆಂಬುದನ್ನು ಗುರುತಿಸಿ ಒಂದು ತೇರನ್ನು ಬರೆಯಿರೆಂದರೆ ಅದು ಏಕಕಾಲಕ್ಕೆ ಚಿತ್ರಕಲೆಯೂ ಹೌದು, ಗಣಿತವೂ ಹೌದು. ಗೆರೆ ನಡುಗುವ ಮಗುವೂ ಅಲ್ಲಿ ಮುಂದೆ ಬರಬಲ್ಲದು.

ಈ ಮಾತಿಗೆ ಒಂದು ಆಕ್ಷೇಪ ಬರಬಹುದು. ಮಾದರಿಯನ್ನು ನೋಡದೆ ಯಾರು ತಾನೇ ಕಲಿತಾರು? ನಕಲು ಮಾಡದೆ ಕೈ ಪಳಗುವುದೆಂತು? ಮಾದರಿ ಬೇಡವೆಂದು ನಾನು ಹೇಳುತ್ತಿಲ್ಲ. ಮಾದರಿಯನ್ನು ತೋರಿಸಿದ ಮೇಲೆ ಏನು ಕೇಳುತ್ತೇವೆಂಬುದೇ ಮುಖ್ಯ. ಇದಕ್ಕೆ ಸಾಂಗಲಿಯ ಇತಿಹಾಸವೇ ಸಾಕ್ಷಿ. ೧೮೪೨ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ನೋಡಿದ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಇಂಥದೊಂದನ್ನು ಮರಾಠಿಯಲ್ಲಿ ರಚಿಸಲು ಹೇಳಿದರು. ೧೮೪೩ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂದಿತು. ಮರಾಠಿ ರಂಗಭೂಮಿ ಅದನ್ನೇ ತನ್ನ ಆರಂಭವೆಂದು ಎಣಿಸುತ್ತದೆ. ಕನ್ನಡದ ಮೇಳದಿಂದ ಮರಾಠಿ ನಾಟಕ ಹುಟ್ಟಿತೆಂದು ನಾವು ಹೆಮ್ಮೆಪಡುವುದು ಸಹಜ. ಆದರೆ ಉಪಾಧ್ಯಾಯರು ಗಮನಿಸಬೇಕಾದುದು ಬೇರೆ. ದೊರೆ ಅಲ್ಲಿ ಒಳ್ಳೆಯ ಗುರುವಿನ ಕೆಲಸವನ್ನು ಮಾಡಿದನು. ಮಾದರಿಯನ್ನು ಕಣ್ಣಾರೆ ತೋರಿಸಿದನು, ಅದನ್ನು ಬೇರೆ ಭಾಷೆಗೆ, ಬೇರೆ ಪ್ರೇಕ್ಷಕರಿಗೆ ಒಪ್ಪಿಸಬೇಕೆಂಬ ಕಟ್ಟನ್ನು ಹಾಕಿದನು. ಹಾಗೆಯೇ ಪ್ರತಿಮಾಡಿದ್ದರೆ ಆ ಕಟ್ಟು ಸಡಿಲವಾಗುತ್ತಿತ್ತು. ಆದುದರಿಂದ ಭಾವೆಯವರು ರಚಿಸಲೇಬೇಕಾಯಿತು. ಅವರು ಗೊಂಬೆಗಳನ್ನು ಮಾಡುವುದರಲ್ಲಿಯೂ ನಿಪುಣರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಸೀಮೆಯ ಇನ್ನೊಬ್ಬರ ಹೆಸರನ್ನು ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ಅವರು ನೆರೆಯ ಕೊಲ್ಹಾಪುರದಲ್ಲಿ ೧೯೩೬ರಲ್ಲಿ ಹುಟ್ಟಿದ ರಘುನಾಥ ಕೃಷ್ಣ ಜೋಶಿಯವರು. ಮರಾಠಿಯ ಪ್ರಯೋಗಶೀಲ ಕವಿ, ಅಕ್ಷರಕಲಾವಿದ, ಜಾಹೀರಾತು ಕ್ಷೇತ್ರದಲ್ಲಿ ಬಹುಕಾಲ ದುಡಿದವರು. ೧೯೮೩ರಿಂದ ೧೯೯೬ರವರೆಗೆ ಮುಂಬಯಿಯ ಪೊವಯಿಯಲ್ಲಿರುವ ತಂತ್ರಜ್ಞಾನ ಸಂಸ್ಥೆಯ ಔದ್ಯೋಗಿಕ ವಿನ್ಯಾಸ ಕೇಂದ್ರದಲ್ಲಿ ಅವರು ಉಪಾಧ್ಯಾಯರಾಗಿದ್ದರು. ೨೦೦೮ರಲ್ಲಿ ತೀರಿಕೊಂಡರು. ಅಕ್ಷರವನ್ನು ರೋಮನ್ ಲಿಪಿಯ ಅಳತೆಗೋಲಿನಿಂದ ಅಳೆಯದೆ, ಅದರದೇ ಲೇಖನಿ, ಅದರದೇ ಉಚ್ಚಾರ, ಅದರದೇ ದೇಹರಚನೆಗಳಿಂದ ಅರಿಯಬೇಕೆಂಬುದು ಅವರ ಬೋಧನೆಯ ಸಾರ. ಕಂಪ್ಯೂಟರಿನಲ್ಲಿ ಭಾರತೀಯ ಲಿಪಿಗಳು ನೆಲೆಗೊಂಡ ಕಾಲದಲ್ಲಿ, ವಿಂಡೋಸ್ ಬಳಸುವವರೆಲ್ಲ ಕಂಡಿರುವ ದೇವನಾಗರಿಯ 'ಮಂಗಲ್' ಅಕ್ಷರಮಾಲೆಯೂ ಕನ್ನಡದ 'ತುಂಗಾ' ಅಕ್ಷರಮಾಲೆಯೂ ಅವರ ನಿರ್ದೇಶನದಲ್ಲಿಯೇ ರಚನೆಯಾದವು.

ಕೊಲ್ಹಾಪುರದಲ್ಲಿ ಹುಟ್ಟಿದ ಮರಾಠಿ ಕವಿಯೊಬ್ಬರು ಕನ್ನಡ ಅಕ್ಷರಮಾಲೆಯನ್ನು ರೂಪಿಸಿದರೆಂಬುದು ಬರಿಯ ಕುತೂಹಲದ ಸಂಗತಿಯಲ್ಲ. ಆ ಕೆಲಸದ ಕಷ್ಟವನ್ನು ಅಳೆಯಬೇಕಾದರೆ ನಮ್ಮ ಅಕ್ಷರವನ್ನೇ ಒಮ್ಮೆ ಹೊಸಬರಂತೆ ನೋಡಬೇಕು. ದೇವನಾಗರಿಯಲ್ಲಿ ಶಿರೋರೇಖೆ ಪದವನ್ನೆಲ್ಲ ಒಂದೇ ಹಗ್ಗಕ್ಕೆ ತೂಗುಹಾಕುತ್ತದೆ; ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ತನ್ನದೇ ತಲೆಕಟ್ಟು. ದೇವನಾಗರಿಯ ಸಂಯುಕ್ತಾಕ್ಷರ ಬಹುಮಟ್ಟಿಗೆ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ. 'ಕರ್ನಾಟಕ'ವೆಂಬ ಪದವನ್ನೇ ತೆಗೆದುಕೊಳ್ಳಿ. ಅದರ ರಕಾರ ಮರಾಠಿಯಲ್ಲಿ ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಕನ್ನಡದಲ್ಲಿ ಅರ್ಕಾವೊತ್ತಾಗಿ ಆ ಅಕ್ಷರದ ಬಲಮಗ್ಗುಲಿಗೆ ನಿಲ್ಲುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಎಷ್ಟು ಎಡೆ ಬೇಕು! ಅದಕ್ಕೆಂದು ಸಾಲುಗಳ ನಡುವೆ ಜಾಗ ಬಿಟ್ಟರೆ ಪುಟ ಸಡಿಲವಾಗುತ್ತದೆ; ಬಿಡದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇದು ತಂಬಿಗೆಯ ಪ್ರಶ್ನೆಗಳಂಥದೇ ಪ್ರಶ್ನೆ. ಕೈಬರಹದಲ್ಲಿ ಸ್ವಚ್ಛಂದವಾಗಿ ಅಕ್ಷರಗಳನ್ನು ಕುಣಿಸಿದ ಕವಿ, ಲಕ್ಷಾಂತರ ಜನ ಓದುವ ಅಕ್ಷರಮಾಲೆಯಲ್ಲಿ ತನ್ನ ಗುರುತನ್ನು ಮರೆಸಬೇಕಾಯಿತು. ಓದುಗನ ಕಣ್ಣಿಗೆ ಅಕ್ಷರ ತಡೆಯಾಗಬಾರದೆಂಬುದೇ ಅಲ್ಲಿಯ ಸಂಕಲ್ಪ. ಒಬ್ಬನೇ ಮನುಷ್ಯ ಒಂದೆಡೆ ಅಷ್ಟು ಸ್ವತಂತ್ರನೂ ಇನ್ನೊಂದೆಡೆ ಇಷ್ಟು ಸಂಯಮಿಯೂ ಆಗಬಲ್ಲನೆಂಬುದು ವಿದ್ಯಾರ್ಥಿಗಳಿಗೆ ದೊಡ್ಡ ಪಾಠ. ಸೃಷ್ಟಿಶೀಲತೆಯೆಂದರೆ ಯಾವಾಗಲೂ ಎದ್ದುಕಾಣುವುದೆಂಬ ಭ್ರಮೆಯನ್ನು ಅದು ಕಳೆಯುತ್ತದೆ.

ಹಾಗಾದರೆ ನಮ್ಮ ಕನ್ನಡ ಶಾಲೆಯ ಉಪಾಧ್ಯಾಯರು ಏನು ಮಾಡಬಹುದು? ದುಡ್ಡು ಬೇಡುವ ಸಲಹೆಗಳಿಂದ ಪ್ರಯೋಜನವಿಲ್ಲ. ಜರ್ಮನಿಯಲ್ಲಿ ೧೯೧೯ರಿಂದ ೧೯೩೩ರವರೆಗೆ ನಡೆದ ಬೌಹೌಸ್ ಎಂಬ ಪ್ರಸಿದ್ಧ ಶಾಲೆಯಲ್ಲಿ ಯೋಸೆಫ್ ಆಲ್ಬರ್ಸ್ ಎಂಬ ಉಪಾಧ್ಯಾಯರು ಹೊಸ ವಿದ್ಯಾರ್ಥಿಗಳಿಗೆ ಕಾಗದವನ್ನು ಹಂಚಿ, ಚೂರೂ ವ್ಯರ್ಥಮಾಡದೆ ಮಡಿಸಿ ಕತ್ತರಿಸಿ, ಕಾಗದಕ್ಕೆ ಮೊದಲಿಲ್ಲದ ಬಲವನ್ನು ತರುವಂತೆ ಹೇಳುತ್ತಿದ್ದರಂತೆ. ಹಳೆಯ ವೃತ್ತಪತ್ರಿಕೆ ಯಾವ ಹಳ್ಳಿಯ ಶಾಲೆಯಲ್ಲಿ ಇಲ್ಲ? ಒಂದು ಹಾಳೆಯಿಂದ ಒಂದು ಪುಸ್ತಕದ ಭಾರವನ್ನು ತಾಳುವ ಆಸರೆಯನ್ನು ಮಾಡಿರೆಂದು ಕೇಳಿದರೆ ಒಂದು ತಾಸ��ನಲ್ಲಿ ಮಕ್ಕಳು ಹತ್ತು ದಾರಿಗಳನ್ನು ಹುಡುಕಿಯಾರು.

ಇದಕ್ಕಿಂತಲೂ ನಮಗೆ ಹತ್ತಿರವಾದ ಅಭ್ಯಾಸ ಶಾಲೆಯ ಹೆಸರಿನ ಹಲಗೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೆಸರು ಇರಬೇಕು. ರಸ್ತೆಯ ಆಚೆಯಿಂದ ಓದಲು ಬರಬೇಕು. ಯಾವುದೊಂದು ಲಿಪಿಯೂ ಇನ್ನೊಂದರ ಬಾಲವಾಗಿ ಕಾಣಬಾರದು. ಒತ್ತಕ್ಷರಕ್ಕೆ ಕೆಳಗೆ ಎಡೆಯಿರಬೇಕು, ಶಿರೋರೇಖೆಯ ಮೇಲಿನ ಮಾತ್ರೆಗಳಿಗೆ ಮೇಲೆ ಎಡೆಯಿರಬೇಕು. ಹಲಗೆಯ ಅಳತೆ ಇಷ್ಟೇ. ಸಾಂಗಲಿ, ಮಿರಜ, ಜತ್ತದ ಕನ್ನಡ ಶಾಲೆಯ ಮಗುವಿಗೆ ಇದು ದಿನನಿತ್ಯದ ಬದುಕಿನ ಪ್ರಶ್ನೆ. ಎರಡು ಲಿಪಿಗಳ ನಡುವೆ ಬೆಳೆಯುವುದನ್ನು ನಾವು ಸಾಮಾನ್ಯವಾಗಿ ಭಾರವೆಂದು ಎಣಿಸುತ್ತೇವೆ. ಈ ಅಭ್ಯಾಸದಲ್ಲಿ ಅದು ಬಂಡವಾಳವಾಗುತ್ತದೆ. ಒಂದೇ ಲಿಪಿಯನ್ನು ಬಲ್ಲ ಮಗುವಿಗೆ ಇಲ್ಲದ ಕಣ್ಣು ಈ ಮಗುವಿಗೆ ಇದೆ.

ಇಂಥ ಅಭ್ಯಾಸಗಳಿಗೆ ಗುಣ ಕೊಡುವ ಕ್ರಮವೂ ಬದಲಾಗಬೇಕು. ಮಗು ಮೊದಲು ನಾಲ್ಕು ಸಾಲುಗಳಲ್ಲಿ ತನ್ನ ಸಂಕಲ್ಪವನ್ನು ಬರೆಯಲಿ: ಇದು ಯಾರಿಗಾಗಿ, ಎಲ್ಲಿ ಇರುವುದು, ಯಾವ ವಸ್ತುವಿನಿಂದ, ಏತಕ್ಕಾಗಿ. ಅನಂತರ ಕನಿಷ್ಠ ಮೂರು ಕರಡುಗಳನ್ನು ಮಾಡಲಿ; ಕೈಬಿಟ್ಟ ಎರಡನ್ನು ಹರಿದೆಸೆಯದೆ ಜೊತೆಗಿಡಲಿ. ಅವನ್ನು ಕೈಬಿಟ್ಟುದೇಕೆಂದು ತರಗತಿಯ ಎದುರಿಗೆ ಹೇಳಲಿ. ಅಗತ್ಯವನ್ನು ಅರಿತುದಕ್ಕೆ, ಬೇರೆ ಬೇರೆ ದಾರಿಗಳನ್ನು ನೋಡಿದುದಕ್ಕೆ, ಕಾರಣ ಕೊಟ್ಟುದಕ್ಕೆ ಮುಕ್ಕಾಲು ಪಾಲು ಗುಣವಿರಲಿ. ಗೆರೆಯ ಅಚ್ಚುಕಟ್ಟಿಗೆ ಉಳಿದ ಕಾಲುಪಾಲು. ಇದರಿಂದ ಪರೀಕ್ಷೆಯ ಸಿದ್ಧತೆಗೆ ಕುಂದು ಬರುವುದೆಂಬ ಭಯಕ್ಕೆ ಕಾರಣವಿಲ್ಲ. ಕೊಟ್ಟ ಚೌಕ ಏನೆಂದು ಕೇಳಿಕೊಳ್ಳಲು ಕಲಿತ ಮಗು ಪರೀಕ್ಷೆಯ ಚೌಕವನ್ನೂ ಹೆಚ್ಚು ಚೆನ್ನಾಗಿ ತುಂಬುತ್ತದೆ. ತರಗತಿಯಲ್ಲಿ ಐವತ್ತು ಮಕ್ಕಳಿದ್ದಾಗ ಪ್ರತಿಯೊಬ್ಬರ ಕಾರಣವನ್ನು ಕೇಳುವುದು ಸಾಧ್ಯವೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದುದು. ಒಂದೊಂದು ತಾಸಿಗೆ ಐವರನ್ನು ಕೇಳಿದರೂ ಒಂದು ಅವಧಿಯಲ್ಲಿ ಎಲ್ಲರ ಸರದಿ ಬರುತ್ತದೆ. ಉಳಿದವರು ಕೇಳುತ್ತ ಕಲಿಯುತ್ತಾರೆ.

ಈ ಕ್ರಮದಲ್ಲಿ ಕನ್ನಡ ಮಾಧ್ಯಮಕ್ಕೆ ಇನ್ನೊಂದು ಲಾಭವಿದೆ, ಅದನ್ನು ಭಾಷೆಯ ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕು. ತಾನು ಮಾಡಿದುದಕ್ಕೆ ಕಾರಣವನ್ನು ತನ್ನ ಮಾತಿನಲ್ಲಿ ಹೇಳುವ ಸಂದರ್ಭ ಮಗುವಿಗೆ ಶಾಲೆಯಲ್ಲಿ ಬಲು ವಿರಳವಾಗಿ ಸಿಗುತ್ತದೆ. ಇತಿಹಾಸಕ್ಕೂ ವಿಜ್ಞಾನಕ್ಕೂ ಉತ್ತರ ಪುಸ್ತಕದಲ್ಲಿದೆ, ಅದರ ಭಾಷೆಯೂ ಪುಸ್ತಕದ್ದೇ. ಇಲ್ಲಿ ಉತ್ತರ ಮಗುವಿನದು. ಕಂಠ, ಬಾಯಿ, ಹೊಟ್ಟೆ, ಅಂಚು, ಸೆರಗು, ಎಳೆ, ಸಂದಿ, ಹದ, ಕಟ್ಟು ಎಂಬ ಮನೆಯ ಮಾತುಗಳೆಲ್ಲ ಅಲ್ಲಿ ಶಾಸ್ತ್ರದ ಮಾತುಗಳಾಗಿ ಕೆಲಸಕ್ಕೆ ಬರುತ್ತವೆ. ತನ್ನ ಮನೆಯ ಮಾತಿನಲ್ಲಿ ವಿಚಾರ ಮಾಡಬಹುದೆಂಬ ನಂಬಿಕೆ ಗಡಿಯಾಚೆಗಿರುವ ನಮ್ಮ ಮಕ್ಕಳಿಗೆ ಹಬ್ಬದ ದಿನದ ಭಾಷಣಗಳಿಂದ ಬರುವುದಿಲ್ಲ. ಒಂದು ತೇರಿನ ದಾರ ಎಲ್ಲಿಗೆ ಮರಳಬೇಕೆಂದು ಹತ್ತು ಜನರ ಎದುರಿಗೆ ನಿಂತು ವಾದಿಸಿದಾಗ ಬರುತ್ತದೆ. ಮುಂದಿನ ಅವಧಿಯ ಮೊದಲ ಚಿತ್ರಕಲೆಯ ತಾಸಿಗೆ ಮಾರ್ಗದರ್ಶಿಕೆಯ ಬದಲು ಒಂದು ತಂಬಿಗೆಯನ್ನು ತೆಗೆದುಕೊಂಡು ಹೋಗುವ ಉಪಾಧ್ಯಾಯರು, ಅಲ್ಲಿ ಕೇಳಿದ ಪ್ರಶ್ನೆಗಳನ್ನೂ ಮಕ್ಕಳು ಕೊಟ್ಟ ಉತ್ತರಗಳನ್ನೂ ಬರೆದಿಟ್ಟು ಈ ಪತ್ರಿಕೆಗೆ ಕಳುಹಿಸಿದರೆ ಚರ್ಚೆ ಮುಂದುವರಿಯುವುದು.